ಬಿಲ್ಲೆ

ಹಟ್ಟಿಯಲ್ಲಿ ನಾನು ಚಿನ್ನ ಅಗೆದವನಲ್ಲ.
ಲ್ಯಾಂಪ್ ರೂಮಿನ ಕಿಂಡಿಯಲ್ಲಿ ಕೂತು ಇಪ್ಪತ್ತಾರು ವರ್ಷ
ಇಳಿಯುವವನಿಗೆ ದೀಪ, ಹಿತ್ತಾಳೆ ಬಿಲ್ಲೆ ಕೊಟ್ಟು
ಹತ್ತಿ ಬಂದವನಿಂದ ಎರಡನ್ನೂ ತಿರುಗಿ ಪಡೆದವನು.
ಒಂದೇ ಒಂದು ಮೊಳೆ ಖಾಲಿ ಉಳಿದರೂ
ಮನೆಗೆ ಹೋಗುವ ಹಾಗಿರಲಿಲ್ಲ.

ನನಗೆ ಬರುವ ವಿದ್ಯೆ ಅಷ್ಟೇ.
ಈಗ ನಾಯಿಗೆ ಹಚ್ಚಿದ್ದೇನೆ.

ಜೋಳಿ. ಬಿಳಿಜೋಳದ ಹಿಟ್ಟಿನ ಬಣ್ಣ, ಎಣಿಸಬಹುದಾದ ಪಕ್ಕೆಲುಬು.
ಮಾಗಿಯ ಚಳಿಯಲ್ಲಿ, ಅರವತ್ತೆರಡನೇ ರಾತ್ರಿ,
ಅಡುಗೆಮನೆ ಮೂಲೆಯ ಹಲಗೆಪೆಟ್ಟಿಗೆಯೊಳಗೆ
ಹಳೇ ಸೀರೆಯ ಮೇಲೆ ಏಳು ಹಾಕಿತು.
ಒಂದೊಂದರ ಕೊರಳಿಗೆ ಒಂದೊಂದು ಬಣ್ಣದ ಉಣ್ಣೆ ದಾರ.
ಏಳನೆಯದಕ್ಕೆ ದಾರವೇ ಭಾರ ಅನಿಸಿತು, ಬಿಟ್ಟೆ.

ಬೆಳಗಿನ ಪಾಳಿಯ ಸೈರನ್ನಿಗೆ ತೂಗುತ್ತೇನೆ,
ಖಾಸಿಂಬಿ ಬದನೆಕಾಯಿ ತೂಗುತ್ತಿದ್ದ ತಕ್ಕಡಿಯಲ್ಲಿ
ಕಣ್ಣು ಬಿಡದ ಜೀವಗಳನ್ನು.
ಕೆಂಪು, ಮುನ್ನೂರ ಎಂಬತ್ತು.
ಹಸಿರು, ನಾನೂರ ಹತ್ತು.
ದಾರವಿಲ್ಲದ್ದು ನಿನ್ನೆ ಇನ್ನೂರ ನಲವತ್ತು,
ಇವತ್ತು ಇನ್ನೂರ ಮೂವತ್ತೊಂದು.
ಒಂಬತ್ತು ಗ್ರಾಮ್.
ಚಿನ್ನವಾಗಿದ್ದರೆ ಊರೆಲ್ಲ ಹುಡುಕುತ್ತಿತ್ತು.

'ಆಕಳ ಹಾಲು ಹಾಕ್ರಿ' ಅಂದಿತು ಓಣಿ.
ಲಿಂಗಸುಗೂರಿನ ಡಾಕ್ಟರಮ್ಮ ಫೋನಿನಲ್ಲಿ:
'ಮೊದಲ ಬೆಚ್ಚಗ ಮಾಡ್ರಿ, ಆಮ್ಯಾಲೆ ಹೊಟ್ಟಿ.
ತಣ್ಣಗಿದ್ದ ಮರಿಗೆ ಏನೂ ಕುಡಿಸಬ್ಯಾಡ್ರಿ.'
ಅವತ್ತೇ ಕರೆಂಟು ಹೋಯಿತು.
ಬಾಟಲಿಗೆ ಬಿಸಿನೀರು ತುಂಬಿ
ನನ್ನ ಡ್ಯೂಟಿಯ ಕಾಲುಚೀಲ ತೊಡಿಸಿದಳು ಬಸಲಿಂಗಮ್ಮ.
ನಡುರಾತ್ರಿ ಅದರ ಬಾಯಿ ಬೆಚ್ಚಗಾದಾಗ
ಹಾಲು ತುಂಬಿದ ಹಿಂದಿನ ಮೊಲೆಗೆ ಹಿಡಿದಳು.
ಕೆಂಪನ್ನೂ ಹಸಿರನ್ನೂ ನಾನು ಮಡಿಲಲ್ಲಿ ತಡೆದು ಕೂತೆ,
ಜಾತ್ರೆಗೆ ಹೋಗಗೊಡದ ಅಪ್ಪನ ಹಾಗೆ ಬೈಸಿಕೊಳ್ಳುತ್ತ.

ಇನ್ನೂರ ಮೂವತ್ಮೂರು.
ಇನ್ನೂರ ನಲವತ್ತೊಂದು.
ಹದಿಮೂರನೇ ದಿನ ಎಡಗಣ್ಣು.

ಜೋಳಿಯ ತಾಯಿ ಇದ್ದಾಗ ನಾನು ಇಂಥವನಿರಲಿಲ್ಲ.
ಒಂದರ ಬೆನ್ನಿಗೆ ಒಂದು, ಎರಡು ಸೂಲು.
ಹಲ್ಲು ಮೂಡಿದ್ದೇ ತಡ, ರೊಕ್ಕ ಎಣಿಸಿದವರಿಗೆಲ್ಲ ಕೊಟ್ಟೆ.
ಮಗಳಿಗೆ ಹೊಲಿಗೆ ಮಷಿನ್ ಬಂತು.
ಹೋದ ಶ್ರಾವಣದಲ್ಲಿ, ಮಸ್ಕಿ ದಾರಿಯ ಧಾಬಾ ಹಿಂದೆ,
ಜೋಳಿಯದೇ ಮುಖ. ಕೇಬಲ್ ವೈರಿನಲ್ಲಿ ಕಟ್ಟಿದ್ದರು,
ಕೊರಳ ಚರ್ಮ ವೈರನ್ನು ನುಂಗಿತ್ತು.
ನನ್ನ ವಾಸನೆಗೆ ಬಾಲ ಆಡಿಸಿತು.
ನಾನು ಚಹಾ ಅರ್ಧ ಬಿಟ್ಟು ಬಸ್ಸು ಹತ್ತಿದೆ.

ಬಿಲ್ಲೆಯಿಲ್ಲದೆ ಇಳಿಸಿದ್ದೆ ಅದನ್ನು.

ಈ ಸಲ ಐವತ್ತಾರು ದಿನ ಯಾರಿಗೂ ಬಾಗಿಲಿಲ್ಲ.
ಜಂತಿನ ಔಷಧ, ಮೊದಲ ಸೂಜಿ, ಆಮೇಲೆ ಮಾತು.
'ನೆರಳೈತೇನು? ಹಗಲೊತ್ತು ನೀರಿನ ಬಾನಿ ತುಂಬವರ್ಯಾರು?
ಬ್ಯಾಸಗಿ ಮಧ್ಯಾಹ್ನ ಗಚ್ಚಿನ ಮ್ಯಾಲೆ
ಬರಿಗಾಲಿಟ್ಟು ನೋಡೀರೇನು?'
ಸಿಂಧನೂರಿನ ರೈಸ್ ಮಿಲ್ಲಿನ ಚಂದ್ರಾಯಪ್ಪ ನಕ್ಕ:
'ನಾಯಿಮರಿಗೆ ಇಷ್ಟು ಕೇಳ್ತಿಯಲ್ಲೋ,
ಮಗಳ್ನ ಕೊಡಾಗ ಕೇಳಿದ್ದೇನು?'
'ಕೇಳಿದ್ದಿಲ್ಲ' ಅಂದಳು ಒಳಗಿನಿಂದ ಬಸಲಿಂಗಮ್ಮ.
ಓಣಿಯ ನಲ್ಲಿ ಸುರಿಯುವುದು ಕೇಳಿಸಿತು.
ಅವನು ನೋಟು ಮಡಚಿ ಜೇಬಿಗಿಟ್ಟ.

ಗುಜರಿಯಿಂದ ಹಿತ್ತಾಳೆ ತಂದು
ಮೊಳೆಯಿಂದ ಅಂಕಿ ಕುಟ್ಟಿದ್ದೇನೆ.
ಮರಿಯ ಜೊತೆ ಕೈಗಿಡುವಾಗ ಹೇಳುವುದು ಇಷ್ಟು:
'ಸಾಕಾದ್ರ, ಕಚ್ಚಿದ್ರ, ಊರು ಬಿಟ್ರ, ಅದಕ್ಕ ಮುಪ್ಪು ಬಂದ್ರ,
ಇದರ ಸಮೇತ ತಂದುಬಿಡ್ರಿ.
ರೊಕ್ಕ ಕೇಳಲ್ಲ. ಕಾರಣಾನೂ ಕೇಳಲ್ಲ.'

ಆರು ಹೋದವು. ಏಳನೆಯದು ಇಲ್ಲೇ;
ಅದರ ಬಿಲ್ಲೆಯ ತುಂಬ ಅದರದೇ ಹಲ್ಲು.
ಸೋಮವಾರ ಜೋಳಿಗೆ ಆಪರೇಷನ್.
'ಇನ್ನೊಂದು ಸೂಲು ತೆಗೀಬಹುದಿತ್ತು' ಅನ್ನುತ್ತಾರೆ ಜನ,
ಬಾವಿಯ ಮಾತಾಡಿದಂತೆ.

ರಾತ್ರಿ ಪಾಳಿಯ ಸೈರನ್ನಿಗೆ ತಾಯಿ ಮರಿ
ಮೂತಿ ಎತ್ತಿ ಊಳಿಡುತ್ತವೆ.
ಮಸ್ಕಿಗೆ ಮೊದಲ ಬಸ್ಸು ಎಷ್ಟಕ್ಕೆ ಅಂತ ಕೇಳಿ ಬಂದಿದ್ದೇನೆ.
ಚೀಲದಲ್ಲಿ ವೈರು ಕತ್ತರಿಸುವ ಇಕ್ಕಳ,
ಎರಡು ರೊಟ್ಟಿ,
ಅಂಕಿ ಕುಟ್ಟದ ಒಂದು ಬಿಲ್ಲೆ.